ಹಿಮ್ಮಡಿ ನೋವಿಗೆ ಓಟ ಬಿಡಬೇಡ

ಪ್ರೀತಿಯ ಮಂಜು,

"ಓಟ ಸಾಕು ಅನಿಸ್ತಿದೆ ಕಣೋ. ಹಿಮ್ಮಡಿ ನೋವು, ಆಫೀಸು, ಮಗಳ ಸ್ಕೂಲು, ಎಲ್ಲಾ ಸೇರಿ ಆಗ್ತಿಲ್ಲ" ಅಂತ ಬರೆದಿದ್ದೀಯ. ಓದಿ ಸಂಕಟವಾಯಿತು. ಕುಕ್ಕರಹಳ್ಳಿ ಕೆರೆಯ ದಂಡೆ ಮೇಲೆ ಓಡಿ ಬಂದ ದಿನ ನಿನ್ನ ದನಿಯೇ ಬೇರೆ ಇರುತ್ತದೆ, ಫೋನಿನಲ್ಲೇ ಗೊತ್ತಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಬಿಡಬೇಡ. ಕಡಿಮೆ ಮಾಡು, ಆದರೆ ಬಿಡಬೇಡ.

ಮೊದಲು ಹಿಮ್ಮಡಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಜೀವ ಹೋಗುವಷ್ಟು ನೋವು, ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸ್ವಲ್ಪ ವಾಸಿ, ತುಂಬ ಹೊತ್ತು ಕೂತು ಎದ್ದರೆ ಮತ್ತೆ ಅದೇ. ಹೀಗೇ ಅಲ್ವಾ? ಹಿಮ್ಮಡಿ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಅದು ಎಲುಬಿಗೆ ಅಂಟಿಕೊಳ್ಳುವ ಜಾಗದಲ್ಲಿ ಬರುವ ನೋವಿನ ಲಕ್ಷಣ ಇದು. ಡಾಕ್ಟರು ಪ್ಲಾಂಟರ್ ಫ್ಯಾಸೈಟಿಸ್ ಅನ್ನುತ್ತಾರೆ. ನನಗೂ ಬಂದಿತ್ತು. ಓಡುವ ದೂರವನ್ನು ಒಂದೇ ಸಲ ಜಾಸ್ತಿ ಮಾಡಿದವರಿಗೆ ಬರುವುದು ಸಾಮಾನ್ಯ. ನಿಯಮಿತವಾಗಿ ಓಡಿದರೆ ಕೆಲವೇ ವಾರಗಳಲ್ಲಿ ದಣಿಯದೆ ಓಡುವ ದಮ್ಮು ಬರುತ್ತದೆ. ಈ ಪಟ್ಟಿ, ಸ್ನಾಯುರಜ್ಜುಗಳು ಹಾಗಲ್ಲ. ಅಲ್ಲಿ ರಕ್ತದ ಓಡಾಟ ಕಡಿಮೆ, ಅವು ಬಲಿಯಲು ತಿಂಗಳುಗಳೇ ಬೇಕು. ದಸರಾ ಹೊತ್ತಿಗೆ ಹತ್ತು ಕಿಲೋಮೀಟರು ಮುಟ್ಟಬೇಕು ಅಂತ ನೀನು ಓಡಿದ ರಭಸಕ್ಕೆ ನಿನ್ನ ಎದೆ ಸಿದ್ಧವಿತ್ತು, ಪಾದ ಇರಲಿಲ್ಲ.

ನನಗೆ ಗುಣ ಕೊಟ್ಟ ವ್ಯಾಯಾಮ ಒಂದಿದೆ. ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಲ್ಲು, ಹಿಮ್ಮಡಿ ಹೊರಗೆ ತೂಗುತ್ತಿರಲಿ. ಟವೆಲನ್ನು ಸುರುಳಿ ಸುತ್ತಿ ಬೆರಳುಗಳ ಕೆಳಗೆ ಇಡು, ಬೆರಳು ಮೇಲಕ್ಕೆ ಬಾಗಬೇಕು. ಕೈ ಗೋಡೆ ಹಿಡಿದಿರಲಿ. ಮೂರು ಸೆಕೆಂಡಿನಲ್ಲಿ ನಿಧಾನಕ್ಕೆ ಏಳು, ಮೇಲೆ ಎರಡು ಸೆಕೆಂಡು ನಿಲ್ಲು, ಮೂರು ಸೆಕೆಂಡಿನಲ್ಲಿ ಇಳಿ. ಹನ್ನೆರಡು ಸಲ ಮಾಡುವಷ್ಟರಲ್ಲಿ ಮೀನಖಂಡ ಸಾಕು ಸಾಕು ಅನ್ನಬೇಕು. ಹಾಗೆ ಮೂರು ಸುತ್ತು, ದಿನ ಬಿಟ್ಟು ದಿನ. ಸುಲಭವಾದರೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಅದರಲ್ಲಿ ಪುಸ್ತಕ ತುಂಬು. ಡೆನ್ಮಾರ್ಕಿನ ಸಂಶೋಧಕರು ಇದನ್ನು ಬರೀ ಅಂಗಾಲು ಎಳೆಯುವ ವ್ಯಾಯಾಮದ ಜೊತೆ ಹೋಲಿಸಿ ನೋಡಿದ್ದಾರೆ. ಮೂರು ತಿಂಗಳಾಗುವಾಗ ಹೀಗೆ ಭಾರ ಹೊತ್ತು ಮಾಡಿದವರಿಗೇ ಜಾಸ್ತಿ ಗುಣ ಕಂಡಿತ್ತು. ಹಾಗಾಗಿ ವಾರಕ್ಕೇ ಬೇಸರ ಮಾಡಿಕೊಳ್ಳಬೇಡ. ಚಾಮುಂಡಿ ಬೆಟ್ಟದ ಮೆಟ್ಟಿಲು ಸದ್ಯಕ್ಕೆ ಬೇಡ. ಮನೆಯೊಳಗೆ ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಓಡಾಡಬೇಡ, ಮೆತ್ತನೆ ಚಪ್ಪಲಿ ಹಾಕಿಕೋ.

ಓಡುವಾಗ ಸ್ವಲ್ಪ ನೋವಿದ್ದು, ಅದು ಏರದೆ, ಮರುದಿನ ಬೆಳಗಿನ ಮೊದಲ ಹೆಜ್ಜೆ ಎಂದಿನಷ್ಟೇ ಇದ್ದರೆ ಚಿಂತೆ ಇಲ್ಲ. ಮರುದಿನ ಜಾಸ್ತಿಯಾದರೆ ಹಿಂದಿನ ದಿನ ಓಡಿದ್ದು ಅತಿಯಾಯಿತು ಅಂತ ಲೆಕ್ಕ. ಆದರೆ ಬೆರಳ ತುದಿಯಿಂದ ಒತ್ತಿದಾಗ ಎಲುಬಿನ ಮೇಲೆ ಒಂದೇ ಜಾಗದಲ್ಲಿ ಚುರ್ ಅಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಕುಂಟುವ ಹಾಗಾದರೆ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು. ಎಲುಬು ಸಣ್ಣಗೆ ಬಿರುಕು ಬಿಟ್ಟಿರಬಹುದು. ಅಲ್ಲಿ ನನ್ನ ಮಾತು ಕೇಳಬೇಡ.

ಅಮ್ಮ "ಓಡಿ ಓಡಿ ಮಂಡಿ ಸವೆಯುತ್ತೆ" ಅಂತ ಹೆದರಿಸುತ್ತಾರೆ ಅಂದೆಯಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಒಂದು ವಿಶ್ಲೇಷಣೆ ಬಂತು. ಸೊಂಟ, ಮಂಡಿಯ ಕೀಲು ಸವೆಯುವ ಸಂಧಿವಾತ ಹವ್ಯಾಸಕ್ಕೆ ಓಡುವವರಲ್ಲಿ ಶೇಕಡಾ 3.5, ಓಡದೆ ಕೂತೇ ಇರುವವರಲ್ಲಿ ಶೇಕಡಾ 10.2, ಸ್ಪರ್ಧೆಗೆ ಓಡುವವರಲ್ಲಿ ಶೇಕಡಾ 13.3. ಮಂಡಿ ಕೆಟ್ಟವರು ಓಟ ಬಿಟ್ಟಿರಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ನಿನ್ನಂತೆ ಹಿತಮಿತವಾಗಿ ಓಡುವವರಿಗೆ ಹೆದರಿಕೆಯ ಕಾರಣ ಕಾಣುವುದಿಲ್ಲ. ಅಮ್ಮನಿಗೆ ಇದನ್ನೇ ಹೇಳು, ನಿಧಾನಕ್ಕೆ.

ಇನ್ನು ಟೈಮು. ನಿನಗೆ ಬೆಳಗಿನ ಹೊತ್ತು ಎಷ್ಟು ಇಕ್ಕಟ್ಟು ಅಂತ ಗೊತ್ತು. ಟಿಫಿನ್ ಡಬ್ಬಿ, ಸ್ಕೂಲ್ ವ್ಯಾನು, ಆಮೇಲೆ ಮೀಟಿಂಗು. ದಿನಾ ಓಡಬೇಕು ಅಂದುಕೊಂಡು ಆಗದಿದ್ದಾಗ ಕೊರಗುತ್ತೀಯ. ಆ ಕೊರಗು ಬೇಡವೇ ಬೇಡ. 1981ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ನನಗೆ ತುಂಬ ಧೈರ್ಯ ಕೊಟ್ಟಿದೆ. ಹತ್ತು ವಾರ, ವಾರಕ್ಕೆ 6 ದಿನ ಸೈಕಲ್ಲು, ಓಟ ಎರಡನ್ನೂ ಜೋರಾಗಿ ಮಾಡಿದವರು ಆಮೇಲೆ ವಾರಕ್ಕೆ 4 ಅಥವಾ 2 ದಿನಕ್ಕೆ ಇಳಿಸಿದರು. ಆ ದಿನಗಳ ಜೋರು ಮಾತ್ರ ತಗ್ಗಿಸಲಿಲ್ಲ. 15 ವಾರಗಳ ನಂತರವೂ ದೇಹ ಆಮ್ಲಜನಕ ಬಳಸುವ ತಾಕತ್ತು ಹಾಗೇ ಉಳಿದಿತ್ತು. ವಾರಕ್ಕೆ ಎರಡೇ ದಿನ, ಮಂಜು!

ನಿನಗೆ ಹಿಮ್ಮಡಿ ಸರಿಹೋಗುವವರೆಗೆ ಜೋರಿನ ಭಾಗ ಸೈಕಲ್ಲಿನ ಮೇಲೆ ಆಗಲಿ. ಮಗಳನ್ನು ಕಳಿಸಿದ ಮೇಲೆ ಮಂಗಳವಾರ ಒಂದರ್ಧ ಗಂಟೆ ಸಿಕ್ಕರೆ ಸಾಕು. ಭಾನುವಾರ ಕೆರೆಯ ಮಣ್ಣಿನ ದಾರಿಯಲ್ಲಿ ಐದು ನಿಮಿಷ ನಡೆ, ಎರಡು ನಿಮಿಷ ಓಡು, ಮತ್ತೆ ನಡೆ. ಪಕ್ಕದಲ್ಲಿ ಯಾರಾದರೂ ದಾಟಿಕೊಂಡು ಹೋದರೆ ಹೋಗಲಿ. ಹೆಜ್ಜಾರ್ಲೆ ಹಕ್ಕಿ ಬಂದಿದ್ದರೆ ನಿಂತು ನೋಡು, ಅದಕ್ಕೂ ಟೈಮಿದೆ.

ಶೂ ತಳ ತಿರುಗಿಸಿ ಒಂದು ಫೋಟೋ ಕಳಿಸು, ಹಿಮ್ಮಡಿ ಕಡೆ ಸವೆದಿದ್ದರೆ ಬದಲಾಯಿಸೋಣ. ಟವೆಲ್ ವ್ಯಾಯಾಮ ಇವತ್ತೇ ಶುರು ಮಾಡು. ಮುಂದಿನ ತಿಂಗಳು ನಾನು ಮೈಸೂರಿಗೆ ಬರುತ್ತೇನೆ, ಒಂದು ಭಾನುವಾರ ನನಗಾಗಿ ಇಟ್ಟುಕೋ. ಅತ್ತಿಗೆಗೆ, ಪುಟ್ಟಿಗೆ ಕೇಳಿದೆ ಅಂತ ಹೇಳು.

ನಿನ್ನ,
ರವಿ