ಹೆಸರು ಬಿಡು, ಹಿಸ್ಸಾ ನಂಬರು ಹಿಡಿ: ಗೆಳೆಯನಿಗೊಂದು ಪತ್ರ

ಪ್ರಿಯ ಶಿವು,

ಊರು ಬಿಟ್ಟುಹೋದ ನಿನ್ನ ಚಿಕ್ಕತಾತನ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೋ ಅಂತ ಫೇಸ್‌ಬುಕ್ಕಿನಲ್ಲಿ ಹೆಸರು ಹೊಡೆದು ಹೊಡೆದು ಸಾಕಾಯ್ತು ಅಂದೆ. ಆಗದೆ ಇನ್ನೇನು? ವಂಶವೃಕ್ಷದ ಜಾಲತಾಣಗಳು ಮೊದಲು ಕೇಳುವುದೇ ಸರ್‌ನೇಮು. ತುರುವೇಕೆರೆ ಕಡೆಯವರಿಗೆ ಅದೆಲ್ಲಿಂದ ಬರಬೇಕು? ಇರುವುದು ಎರಡು ಇನಿಷಿಯಲ್ಲು, ಒಂದು ಊರಿನದು, ಒಂದು ಅಪ್ಪನದು. ಒಂದು ತಲೆಮಾರು ದಾಟಿದರೆ ಅವೂ ಬೇರೆ. ಮೇಲಾಗಿ ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿ. 'ನಂಜಪ್ಪ ಬಿನ್ ರಂಗಪ್ಪ' ಅಂತ ಕಾಗದದಲ್ಲಿ ಕಂಡರೆ ಅದು ತಾತನೋ ಮೊಮ್ಮಗನೋ ಇಸವಿ ನೋಡದೆ ಹೇಳುವ ಹಾಗಿಲ್ಲ.

ಜನ ಊರು ಬಿಡುತ್ತಾರೆ, ಸರ್ವೆ ನಂಬರು ಊರು ಬಿಡುವುದಿಲ್ಲ. ಅದನ್ನು ಹಿಡಿದುಕೊಂಡು ಹೋಗು.

ನಂಬರು ಗೊತ್ತಿಲ್ಲದಿದ್ದರೆ ದಿಶಾಂಕ್ ಆ್ಯಪ್ ಹಾಕಿಕೊಂಡು ಹಳೇ ಹೊಲದಲ್ಲಿ ನಿಂತುಕೋ, ಅಥವಾ ನಕ್ಷೆಯಲ್ಲಿ ಆ ಜಾಗ ಮುಟ್ಟು. ಗ್ರಾಮ, ಹೋಬಳಿ, ಸರ್ವೆ ನಂಬರು ಬರುತ್ತದೆ. ಆಮೇಲೆ ಪಹಣಿ ಸಿಗುವ ಸರ್ಕಾರದ 'ಭೂಮಿ' ತಾಣಕ್ಕೆ ಹೋಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರು ಹಾಕು. 'ಸರ್‌ನಾಕ್' ಅಂತ ಒಂದು ಕಿಟಕಿ ಬರುತ್ತದೆ, ಸಾಮಾನ್ಯವಾಗಿ ಅಲ್ಲಿ ನಕ್ಷತ್ರದ ಗುರುತು ಬಿಟ್ಟು ಬೇರೇನೂ ಇರುವುದಿಲ್ಲ, ಗಾಬರಿಯಾಗಬೇಡ. ಮುಖ್ಯವಾದದ್ದು ಅದರ ಮುಂದಿನ ಹಿಸ್ಸಾ ನಂಬರು, ಅಂದರೆ ಪಾಲಿನ ನಂಬರು. ಅಣ್ಣತಮ್ಮಂದಿರು ಪಾಲಾಗಿ, ಜಮೀನು ಅಳೆದು ಪೋಡಿ ಆದಾಗ 45 ಅನ್ನುವುದು 45/1, 45/2, 45/3 ಆಗುತ್ತದೆ. ಎಷ್ಟೋ ಕಡೆ ಈ ಹಿಸ್ಸಾಗಳೇ ದಾಯಾದಿಗಳ ಪಟ್ಟಿ. ನಿಮ್ಮ ಹಿಸ್ಸಾ ಒಂದನ್ನೇ ನೋಡಿ ಪುಟ ಮುಚ್ಚಬೇಡ, ಅಕ್ಕಪಕ್ಕದ್ದನ್ನೆಲ್ಲ ತೆಗೆ.

ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನುವುದು, ಜೊತೆಗೆ ಎಂಆರ್ ನಂಬರು. ನಿನಗೆ ಬೇಕಾದದ್ದು ಆ ನಂಬರು. ಎಂಆರ್ ಅಂದರೆ ಮ್ಯುಟೇಶನ್ ರಿಜಿಸ್ಟರ್, ಖಾತೆ ಒಬ್ಬರಿಂದ ಇನ್ನೊಬ್ಬರಿಗೆ ಬದಲಾದ ದಾಖಲೆ. ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿದ್ದರೆ ಆ ಕಡತದಲ್ಲಿ ವಾರಸುದಾರರ ಹೆಸರಿರುತ್ತದೆ, ಅನೇಕ ಸಲ ವಂಶವೃಕ್ಷವನ್ನೇ ಲಗತ್ತಿಸಿರುತ್ತಾರೆ. ಕಂಪ್ಯೂಟರಿನ ಪಹಣಿ ಶುರುವಾದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದು ಕೈಬರಹದ್ದು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ. ಈಗ ಆ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಅರ್ಜಿಯಲ್ಲಿ 'ಹಳೇ ಪಹಣಿ ಬೇಕು' ಅಂತಷ್ಟೇ ಬರೆದರೆ ಬರಿಗೈಲಿ ಬರುತ್ತೀಯ. ಎಂಆರ್ ನಂಬರು ಮತ್ತು ಇಸವಿ ಬರೆದು, ಜೊತೆಗೆ ಆ ಸರ್ವೆ ನಂಬರಿನ ಐಎಲ್ (ಇಂಡೆಕ್ಸ್ ಆಫ್ ಲ್ಯಾಂಡ್ಸ್, ಜಮೀನುಗಳ ಸೂಚಿ), ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್, ಹಕ್ಕುಗಳ ದಾಖಲೆ) ನಕಲೂ ಕೇಳು. ಹಳೇ ಮೈಸೂರು ಕಡೆ ಪಹಣಿಗಿಂತ ಹಿಂದಕ್ಕೆ ಹೋಗಲು ಅವೆರಡು ಒಳ್ಳೆಯ ದಾರಿ.

ಓದುವಾಗ ಮೂರು ಪದ ನೆನಪಿಟ್ಟುಕೋ. 'ಬಿನ್' ಅಂದರೆ ಮಗ, 'ಕೋಂ' ಅಂದರೆ ಹೆಂಡತಿ, 'ಯಾನೆ' ಅಂದರೆ ಇನ್ನೊಂದು ಹೆಸರು. ಈ 'ಯಾನೆ' ಚಿನ್ನ. ಮನೆಯಲ್ಲಿ ಕರೆಯುತ್ತಿದ್ದ ಹೆಸರಿಗೂ ಶಾಲೆಯ ಹೆಸರಿಗೂ ಗಂಟು ಬೀಳುವುದು ಅಲ್ಲೇ.

ಚಿಕ್ಕತಾತ ಊರು ಬಿಡುವಾಗ ಪಾಲು ಮಾರಿದ್ದರಂತೂ ಒಳ್ಳೆಯದೇ ಆಯಿತು. ಕ್ರಯಪತ್ರದಲ್ಲಿ ಮಾರಿದವರ ಊರು, ಅದರ ಪಕ್ಕ 'ಹಾಲಿ ವಾಸ' ಅಂತ ಆಗಿನ ವಿಳಾಸ ಇರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಬಂದು ಸಹಿ ಹಾಕಿದವರಾದರೆ ಎಲ್ಲಿಗೆ ಹೋದರು ಅನ್ನುವುದು ಆ ಒಂದು ಸಾಲಿನಲ್ಲೇ ಸಿಗುತ್ತದೆ. ಆ ಪತ್ರ ಹುಡುಕಲು ನೋಂದಣಿ ಇಲಾಖೆಯ 'ಕಾವೇರಿ' ತಾಣದಲ್ಲಿ ಋಣಭಾರ ಪತ್ರ, ಅದೇ ಇಸಿ, ತೆಗೆಸು; ಆ ಜಮೀನಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ ಅದು. 2004ರ ಏಪ್ರಿಲ್ 1ರಿಂದ ಈಚಿನದು ಕಂಪ್ಯೂಟರಿನಲ್ಲಿದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಯಲ್ಲೇ ಹುಡುಕಿಸಬೇಕು. ಅಲ್ಲಿ ಎರಡು ಸೂಚಿಗಳಿವೆ, ಒಂದು ಜನರ ಹೆಸರಿನದು, ಇನ್ನೊಂದು ಆಸ್ತಿಯದು. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು, 1908ರ ನೋಂದಣಿ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ನೀನು ಆಸ್ತಿಯ ಸೂಚಿಯನ್ನೇ ಕೇಳು. ಹೆಸರಿನ ಸೂಚಿಯಲ್ಲಿ ರಂಗಪ್ಪಂದಿರ ಸಂತೆಯೇ ನೆರೆದಿರುತ್ತದೆ.

ಹೆಣ್ಣುಮಕ್ಕಳ ಮಾತು ಬೇರೆ. ನಿಜವಾಗಿ ಕಳೆದುಹೋಗಿರುವವರು ಅವರೇ. ಹಳೇ ಪೌತಿ ಖಾತೆಗಳಲ್ಲಿ ಗಂಡುಮಕ್ಕಳನ್ನಷ್ಟೇ ಬರೆದು, ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೇ ಎತ್ತದೆ ಬಿಟ್ಟಿರುವುದು ಬೇಕಾದಷ್ಟಿದೆ. ಕರ್ನಾಟಕದಲ್ಲಿ 1994ರಲ್ಲಿ, ಆಮೇಲೆ 2005ರಲ್ಲಿ ಇಡೀ ದೇಶಕ್ಕೆ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಬಂತಲ್ಲ, ಅಲ್ಲಿಂದ ಈಚೆಗೆ ಕೊಳ್ಳುವವರು ಅಕ್ಕತಂಗಿಯರ ಸಹಿ ಇಲ್ಲದೆ ಮುಟ್ಟುವುದಿಲ್ಲ. ಹಾಗಾಗಿ ಹಕ್ಕು ಬಿಡುಗಡೆ ಪತ್ರಗಳು ಸಿಗುತ್ತವೆ, ಅದರಲ್ಲಿ 'ಇಂಥವರ ಮಗಳು, ಇಂಥವರ ಕೋಂ, ಇಂಥ ಊರು' ಅಂತ ಮೂರೂ ಒಟ್ಟಿಗೆ. ತವರಿಗೂ ಗಂಡನ ಮನೆಗೂ ಇಷ್ಟು ಚೊಕ್ಕವಾಗಿ ಸಂಬಂಧ ಕಟ್ಟುವ ಕಾಗದ ಇನ್ನೊಂದಿಲ್ಲ. ಇಸಿಯಲ್ಲಿ 'ಬಿಡುಗಡೆ' ಅಂತ ಕಂಡರೆ ಅದರ ನಕಲು ತೆಗೆಸದೆ ಬರಬೇಡ.

ಇನ್ನು ಬದುಕಿರುವವರು. ಮತದಾರರ ಪಟ್ಟಿಯಲ್ಲಿ 2002ರದ್ದು ಬಹಳ ಉಪಯೋಗ, ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿದೆ. ಮನೆ ನಂಬರು, ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು. ಒಂದೇ ಮನೆ ನಂಬರಿನವರನ್ನು ಒಟ್ಟಿಗೆ ಬರೆದುಕೊಂಡರೆ ಒಂದು ಕುಟುಂಬ ಕಣ್ಣಮುಂದೆ ನಿಲ್ಲುತ್ತದೆ. ಎರಡು ಕಡೆ ಎಡವುತ್ತೀಯ. 2008ರಲ್ಲಿ ಕ್ಷೇತ್ರಗಳು ಮರುವಿಂಗಡಣೆಯಾದವು, ಆದ್ದರಿಂದ ಹುಡುಕಬೇಕಾದದ್ದು ಹಳೇ ಕ್ಷೇತ್ರದಲ್ಲಿ. ಇನ್ನೊಂದು, ಹಳೇ ಪಿಡಿಎಫ್‌ಗಳಲ್ಲಿ ಕನ್ನಡ ಟೈಪ್ ಮಾಡಿ ಹುಡುಕಿದರೆ 'ಇಲ್ಲ' ಅನ್ನುತ್ತದೆ. ಅದು ಚಿತ್ರ, ಇಲ್ಲವೇ ಯೂನಿಕೋಡ್‌ಗೆ ಮುಂಚಿನ ಫಾಂಟು. ಹೆಸರು ಇಲ್ಲವೆಂದಲ್ಲ. ಭಾಗದ ಮೇಲೆ ಭಾಗ ಕಣ್ಣಾಡಿಸಲೇಬೇಕು. ವಯಸ್ಸನ್ನು ಮಾತ್ರ ನೆಚ್ಚಬೇಡ, ಐದು ವರ್ಷ ಆಚೀಚೆ ಇಟ್ಟುಕೋ. ಶಾಲೆಯ ದಾಖಲಾತಿಯಲ್ಲೂ ಇದೇ ಕತೆ: ಮೇಷ್ಟ್ರು ಹಾಕಿದ ಜೂನ್ 1ರಂದು ಅರ್ಧ ರಾಜ್ಯವೇ ಹುಟ್ಟಿದೆ.

ಜಮೀನೇ ಇಲ್ಲದವರಿಗೆ ಈ ದಾರಿಯಲ್ಲಿ ಅರ್ಧ ಮುಚ್ಚಿಹೋಗಿರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೂ ತೋಟಿ, ತಳವಾರ, ನೀರುಗಂಟಿ ಅಂತ ಊರ ಕೆಲಸ ಮಾಡಿದ್ದಕ್ಕೆ ಮನೆತನಕ್ಕೆ ಹಿಂದೆ ಇನಾಮು ಜಮೀನು ಇದ್ದಿದ್ದರೆ, 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆಯಡಿ ಮರುಮಂಜೂರಾತಿ ಕಡತ ಕೇಳಬೇಕು; ಯಾರು ಯಾರ ಮಗ ಅಂತ ಸಾಬೀತು ಮಾಡಬೇಕಾಗಿದ್ದರಿಂದ ಅಲ್ಲಿ ವಂಶಾವಳಿ ಇರುತ್ತದೆ. ಗೇಣಿದಾರರ ಮನೆತನವಾದರೆ 1974ರ ಭೂಸುಧಾರಣೆಯ ನಮೂನೆ 7 (ಉಳುವ ಭೂಮಿಯ ಹಕ್ಕು ಕೇಳಿ ಗೇಣಿದಾರರು ಹಾಕಿದ ಅರ್ಜಿ), ಮತ್ತು ಅದಕ್ಕೂ ಹಿಂದಿನ ಪಹಣಿಯ 12ನೇ ಕಾಲಂ. ಒಡೆಯನ ಹೆಸರು 9ರಲ್ಲಿದ್ದರೆ ಉಳುತ್ತಿದ್ದವನು 12ರಲ್ಲಿರುತ್ತಾನೆ.

ನಿನ್ನ ಹೆಂಡತಿಯ ತವರು ಬೀದರ್ ಕಡೆಯದು, ಅಲ್ಲಿ ಲೆಕ್ಕ ಬೇರೆ. 1956ರವರೆಗೆ ಅದು ಹೈದರಾಬಾದ್ ರಾಜ್ಯದ ಸೀಮೆ, ಹಳೇ ದಾಖಲೆ ಉರ್ದುವಿನಲ್ಲಿ. 1954-55ರ ಖಾಸ್ರಾ ಪಹಣಿ ಕೇಳಿ ತೆಗೆಸಿ, ಉರ್ದು ಬಲ್ಲ ಹಿರಿಯರಿಂದ ಓದಿಸು. ಬೆಳಗಾವಿ, ಧಾರವಾಡ ಮುಂಬೈ ಪ್ರಾಂತದಲ್ಲಿದ್ದವು, ಅಲ್ಲಿ ಪಹಣಿ ಅಂದರೆ ಮುಖ ನೋಡುತ್ತಾರೆ, ಉತಾರ ಅನ್ನಬೇಕು. ಹಳೆಯವು ಮೋಡಿ ಲಿಪಿಯಲ್ಲೂ, ಅಂದರೆ ಮರಾಠಿಯ ಹಳೇ ಕೂಡುಬರಹದಲ್ಲೂ, ಬರುತ್ತವೆ. ಕರಾವಳಿಯಲ್ಲಿ ಅಳಿಯಸಂತಾನದ ಮನೆತನವಾದರೆ ಅಪ್ಪನ ಹೆಸರು ಹಿಡಿದು ಹೊರಡುವುದೇ ತಪ್ಪು, ತಾಯಿಯ 'ಬಳಿ', ಅಂದರೆ ತಾಯಿಯ ಕಡೆಯ ಕುಲ, ಹಿಡಿಯಬೇಕು.

ಆನ್‌ಲೈನಿನಲ್ಲಿ ಸಿಗದ ಎರಡು ದಾಖಲೆ ನಿಮ್ಮ ಅಟ್ಟದ ಮೇಲೇ ಇರಬಹುದು. ಹಳೇ ಲಗ್ನಪತ್ರಿಕೆ, ಮತ್ತು ಮುಯ್ಯಿ ಪುಸ್ತಕ. ಮುಯ್ಯಿ ಬರೆಯುವಾಗ ಹೆಸರಿನ ಜೊತೆ ಊರನ್ನೂ ಬರೆಯುತ್ತಿದ್ದರು. ಊರು ಬಿಟ್ಟವನು ಮದುವೆಗೆ ಬಂದು ಐದು ರೂಪಾಯಿ ಮುಯ್ಯಿ ಮಾಡಿದ್ದರೆ ಅವನ ಹೊಸ ಊರು ಅಲ್ಲಿರುತ್ತದೆ. ಇನ್ನು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು ಮನೆತನದ ಹೆಸರು ಒಪ್ಪಿಸಿ ಧಾನ್ಯ ಪಡೆಯುವವರು. ಒಂದೊಂದು ಹೆಳವ ಕುಟುಂಬಕ್ಕೆ ಇಂತಿಷ್ಟು ಊರು, ಇಂತಿಷ್ಟು ಮನೆತನ ಅಂತ ಹಂಚಿಕೆಯಿರುತ್ತದೆ. ನಿಮ್ಮ ಮನೆಗೆ ಬರುವವರು ಯಾರು ಅಂತ ಊರಲ್ಲಿ ವಿಚಾರಿಸು. ಅವರು ಹೇಳುವುದನ್ನು ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿಕೋ, ಕಾಣಿಕೆ ಕೊಡದೆ ಕಳಿಸಬೇಡ. ಅಂಥವರು ಹೇಳಿದ ನಾಲ್ಕೈದು ತಲೆಮಾರನ್ನು ಎಂಆರ್ ಜೊತೆ ತಾಳೆ ನೋಡಬಹುದು. ಅದಕ್ಕಿಂತ ಮೇಲಿನದನ್ನು ಗೌರವದಿಂದ ಬರೆದಿಟ್ಟುಕೋ, ಆದರೆ ಶಾಸನದಲ್ಲಿ ನಿಮ್ಮ ಮುತ್ತಾತನ ಹೆಸರು ಕಂಡಿತು ಅಂತ ಮಾತ್ರ ಹಾರಬೇಡ.

ಡಿಎನ್‌ಎ ಪರೀಕ್ಷೆ ಬೇಕೇ ಅಂದೆ. ಸದ್ಯಕ್ಕೆ ಬೇಡ. ಚಿಕ್ಕತಾತನ ಮೊಮ್ಮಗನಿಗೂ ನಿನಗೂ ಹೊಂದುವುದು ಸರಾಸರಿ ಶೇ 3ರಷ್ಟು, ಅಂದರೆ ಡಿಎನ್‌ಎ ಹೊಂದಿಕೆ ಅಳೆಯುವ ಮಾನದಲ್ಲಿ 230 ಸೆಂಟಿಮಾರ್ಗನ್ ಆಸುಪಾಸು. ಆದರೆ ಅವನೂ ಅದೇ ಕಂಪನಿಯಲ್ಲಿ ಎಂಜಲು ಕೊಟ್ಟಿರಬೇಕಲ್ಲ! ಅದೂ ಅಲ್ಲದೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತಂದಿರುವ ಮನೆತನಗಳಲ್ಲಿ ಈ ಅಂಕಿ ಉಬ್ಬುತ್ತದೆ, ದೂರದವರು ಹತ್ತಿರದವರಾಗಿ ಕಾಣುತ್ತಾರೆ.

ಅದೇ ತೊಡಕು ವೃಕ್ಷ ಬರೆಯುವಾಗಲೂ ಬರುತ್ತದೆ. ಗ್ರ್ಯಾಂಪ್ಸ್ ಅನ್ನುವ ತಂತ್ರಾಂಶ ಬಿಟ್ಟಿ ಸಿಗುತ್ತದೆ, ಕನ್ನಡದಲ್ಲೇ ಹೆಸರು ತುಂಬಬಹುದು. ಅಕ್ಕನ ಮಗಳನ್ನು ಮದುವೆಯಾದವರು ಬಂದಾಗ ಆಕೆಯನ್ನು ಹೊಸಬಳಾಗಿ ಸೇರಿಸಬೇಡ, ಆಗಲೇ ಇರುವ ಹೆಸರಿಗೇ ಗಂಟು ಹಾಕು. ಇಲ್ಲದಿದ್ದರೆ ಒಬ್ಬಳೇ ಇಬ್ಬರಾಗುತ್ತಾಳೆ. ಸರ್‌ನೇಮಿನ ಜಾಗ ಖಾಲಿ ಬಿಡು, ಊರನ್ನು ಸ್ಥಳದ ಜಾಗದಲ್ಲಿ ಹಾಕು, 'ಯಾನೆ'ಯನ್ನು ಪರ್ಯಾಯ ಹೆಸರಿನಲ್ಲಿ. ಪ್ರತಿ ಹೆಸರಿನ ಕೆಳಗೂ ಎಂಆರ್ ನಂಬರೋ ಪತ್ರದ ನಂಬರೋ ಬರೆ. ಬದುಕಿರುವವರ ಹುಟ್ಟಿದ ದಿನ, ಸರ್ವೆ ನಂಬರು ಯಾವುದನ್ನೂ ಜಾಲತಾಣಕ್ಕೆ ಏರಿಸಬೇಡ.

ಕೊನೆಗೆ ಅವರ ನಂಬರು ಸಿಕ್ಕಿತು ಅಂದುಕೋ. 'ನಾನು ನಿಮ್ಮ ದೊಡ್ಡತಾತನ ಮೊಮ್ಮಗ' ಅಂತ ಫೋನಿನಲ್ಲಿ ಶುರು ಮಾಡಿದೆಯೋ, ಪಾಲು ಕೇಳಲು ಬಂದ ಅಂದುಕೊಂಡು ಫೋನು ಇಡುತ್ತಾರೆ. ಮೊದಲು ಒಂದು ಕಾಗದ ಬರೆ. ಮನೆದೇವರ ಹೆಸರು, ತಾತನ ಹೆಸರು, ಹಳೇ ಫೋಟೊದ ನಕಲು ಇರಲಿ. ಪಹಣಿಯ ಸುದ್ದಿಯೇ ಬೇಡ. ಹಬ್ಬಕ್ಕೋ ಜಾತ್ರೆಗೋ ಬನ್ನಿ ಅಂತ ಕರೆ.

ಈಗ ನಿಮ್ಮ ಸರ್ವೆ ನಂಬರಿನ ಎಲ್ಲ ಹಿಸ್ಸಾಗಳ 9 ಮತ್ತು 10ನೇ ಕಾಲಂ ಫೋಟೊ ತೆಗೆದು ಕಳಿಸು. ಯಾವ ಎಂಆರ್ ಮೊದಲು ತೆಗೆಸಬೇಕು ಅಂತ ಗುರುತು ಹಾಕಿಕೊಡುತ್ತೇನೆ.

ಇಂತಿ ನಿನ್ನ ಗೆಳೆಯ