ನಾಯಿಗಳ ರಕ್ತಪರೀಕ್ಷೆಯ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಉಣ್ಣಿಜ್ವರದ ಶಂಕೆಯಿಂದ ಬದಿಯಡ್ಕದ ನಮ್ಮ ಪ್ರಯೋಗಾಲಯಕ್ಕೆ ಬರುವ ನಾಯಿಗಳ ರಕ್ತವನ್ನು ಈವರೆಗೆ ಒಂದೇ ರಕ್ತಲೇಪನದಲ್ಲಿ (ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದ ರಕ್ತದಲ್ಲಿ) ನೋಡಿ ಕೂಡಲೇ ವರದಿ ಕೊಡುತ್ತಿದ್ದೆವು. ಮುಂದಿನ ತಿಂಗಳ 1ನೇ ತಾರೀಕಿನಿಂದ ಲೇಪನದ ವರದಿಯೊಂದನ್ನೇ ಕೊಡುವುದಿಲ್ಲ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಸಹಿತ ರಕ್ತಕಣಗಳ ಎಣಿಕೆಯೂ ಅದರ ಜೊತೆಗಿರುತ್ತದೆ, ಅಗತ್ಯವಿದ್ದರೆ ಮಾದರಿಯನ್ನು, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಹೊರಗೆ ಕಳುಹಿಸುತ್ತೇವೆ. ವರದಿ ಮರುದಿನ ಸಿಗುತ್ತದೆ. ಪಿಸಿಆರ್ ಆದರೆ ಇನ್ನೂ ತಡವಾಗುತ್ತದೆ.

ಇದಕ್ಕೆ ಕಾರಣವಿದೆ. ಉಣ್ಣಿಯಿಂದ ಹರಡುವ ಬಬೇಸಿಯಾ ಪರಾವಲಂಬಿ ಕೆಂಪು ರಕ್ತಕಣದೊಳಗೆ ಇರುವುದರಿಂದ ಸೋಂಕು ಜೋರಾಗಿರುವಾಗ ಸೂಕ್ಷ್ಮದರ್ಶಕದಲ್ಲಿ ಸಿಗುತ್ತದೆ. ಆದರೆ ಹಳೆಯ ಸೋಂಕಿನಲ್ಲಿ ಅದು ಎಷ್ಟು ವಿರಳವೆಂದರೆ, ಇಡೀ ಲೇಪನವನ್ನು ತಾಳ್ಮೆಯಿಂದ ಹುಡುಕಿದರೂ ಒಂದೂ ಕಾಣದಿರಬಹುದು. ಉಣ್ಣಿಯಿಂದಲೇ ಹರಡುವ ಅರ್ಲಿಕಿಯಾ ಬ್ಯಾಕ್ಟೀರಿಯಾ ಬಿಳಿ ರಕ್ತಕಣಗಳಲ್ಲಿ ಅಡಗಿರುವುದರಿಂದ ಲೇಪನದಲ್ಲಿ ಅದನ್ನು ಕಾಣುವುದೇ ಅಪರೂಪ. ಪ್ಲೇಟ್‌ಲೆಟ್ ಇಳಿದಿರುವುದೇ ಎಷ್ಟೋ ಸಲ ಅದರ ಮೊದಲ ಸುಳಿವು. ರ‍್ಯಾಪಿಡ್ ಕಿಟ್ಟು (ಕೂಡಲೇ ಫಲಿತಾಂಶ ಕೊಡುವ ಪರೀಕ್ಷೆ) ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ತೋರಿಸುತ್ತದೆಯೇ ಹೊರತು ಈಗಿನ ರೋಗವನ್ನಲ್ಲ: ಸೋಂಕು ತಗಲಿದ ಮೊದಲ ದಿನಗಳಲ್ಲಿ ಅದು ನೆಗೆಟಿವ್ ಬರಬಹುದು, ವಾಸಿಯಾದ ನಾಯಿಯಲ್ಲಿ ತಿಂಗಳುಗಟ್ಟಲೆ ಪಾಸಿಟಿವ್ ಉಳಿಯಬಹುದು. ಆದ್ದರಿಂದ ಕಿಟ್ಟನ್ನು ಪಶುವೈದ್ಯರು ಕೇಳಿದಾಗ ಮಾತ್ರ ಬಳಸುತ್ತೇವೆ.

ಯಾವ ರೋಗಾಣು ಎಂದು ತಿಳಿಯುವುದು ಔಷಧಿಗಾಗಿ. ಅರ್ಲಿಕಿಯಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನು 28 ದಿನ ಕೊಡುತ್ತಾರೆ. ದೊಡ್ಡ ಗಾತ್ರದ ಬಬೇಸಿಯಾ ವೋಗೆಲಿಗೆ ಇಮಿಡೊಕಾರ್ಬ್ ಚುಚ್ಚುಮದ್ದು ನಾಟುತ್ತದೆ. ಸಣ್ಣ ಗಾತ್ರದ ಬಬೇಸಿಯಾ ಗಿಬ್ಸೋನಿ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅಟೊವಾಕ್ವೋನ್ ಮತ್ತು ಅಜಿಥ್ರೊಮೈಸಿನ್ ಜೋಡಿಯಂಥ ಬೇರೆ ಚಿಕಿತ್ಸೆಯನ್ನು ವೈದ್ಯರು ಯೋಚಿಸಬೇಕಾಗುತ್ತದೆ. ಎಲ್ಲಕ್ಕೂ ಒಂದೇ ಚುಚ್ಚುಮದ್ದು ಹಾಕಿಸಿ ಕಾಯುವುದಕ್ಕಿಂತ ಒಂದು ದಿನ ತಡವಾಗಿ ಸರಿಯಾದ ಹೆಸರು ತಿಳಿಯುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಒಸಡು ಬಿಳಿಚಿದ, ಮೂತ್ರ ಕೆಂಪಾದ ಅಥವಾ ಏಳಲಾಗದ ನಾಯಿಯ ವಿಷಯ ಬೇರೆ. ಅದನ್ನು ಮೊದಲು ವೈದ್ಯರಿಗೆ ತೋರಿಸಿ, ವರದಿ ಆಮೇಲೆ ಬರಲಿ.

ರಕ್ತವನ್ನು ಔಷಧಿ ಆರಂಭಿಸುವ ಮೊದಲೇ ತೆಗೆಸಬೇಕು. ಔಷಧಿ ಬಿದ್ದ ಮೇಲೆ ಪಿಸಿಆರ್ ಕೂಡ ನೆಗೆಟಿವ್ ಬರಬಹುದು. ಪೆರ್ಲ, ಮುಳ್ಳೇರಿಯ ಕಡೆಯಿಂದ ಮಾದರಿ ಕಳುಹಿಸುವ ವೈದ್ಯರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನ ಜೊತೆಗೆ ಕಿವಿಯಂಚಿನ ರಕ್ತದಿಂದ ಅಲ್ಲಿಯೇ ಎಳೆದು ಒಣಗಿಸಿದ ಎರಡು ಲೇಪನಗಳನ್ನೂ ಕಳುಹಿಸಬೇಕೆಂದು ವಿನಂತಿ. ಬಬೇಸಿಯಾ ಸೋಂಕಿದ ಕಣಗಳು ಕಿವಿಯಂಚಿನಂಥ ಕಡೆಯ ಸೂಕ್ಷ್ಮ ರಕ್ತನಾಳಗಳಲ್ಲಿ ಹೆಚ್ಚಾಗಿ ಸೇರಿರುತ್ತವೆ. ದಾರಿಯಲ್ಲಿ ಗಂಟೆಗಟ್ಟಲೆ ಇದ್ದ ರಕ್ತದಲ್ಲಿ ಕಣಗಳ ಆಕಾರವೇ ಕೆಡುತ್ತದೆ.

ಮೈಮೇಲೆ ಉಣ್ಣಿ ಕಾಣದ ನಾಯಿಯನ್ನೂ ತನ್ನಿ. ಕಂದು ಉಣ್ಣಿ ರಕ್ತ ಹೀರಿ ಉದುರಿ, ಗೂಡಿನ ಅಥವಾ ಗೋಡೆಯ ಬಿರುಕಿನಲ್ಲಿ ಸೇರಿಕೊಂಡಿರುತ್ತದೆ. ಎಣಿಕೆಯ ಶುಲ್ಕವು ಲೇಪನದ ಶುಲ್ಕದಲ್ಲೇ ಸೇರಿದೆ, ಪಿಸಿಆರ್‌ಗೆ ಹೊರಗಿನ ಪ್ರಯೋಗಾಲಯ ವಿಧಿಸುವಷ್ಟನ್ನು ಮಾತ್ರ ಪಡೆಯುತ್ತೇವೆ, ಅದೂ ತಮ್ಮ ಒಪ್ಪಿಗೆ ಪಡೆದ ಮೇಲೆ.

ಇಂತು ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು