ಸಂಬಳ ಬೇಡವೆಂದು ಬರೆಯುವ ಮುನ್ನ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ತಲುಪಿತು. ನಿನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆ, ಅಕ್ಕನ ರಕ್ತದೊತ್ತಡ, ಮನೆಯ ಸಾಲ ಎಲ್ಲವೂ ನನಗೆ ಗೊತ್ತಿರುವ ಸಂಗತಿಗಳೇ. ಅವನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಎರಡು ರಾತ್ರಿ ನನಗೆ ನಿದ್ದೆ ಕೊಡದಿದ್ದದ್ದು ನಿನ್ನ ಕೊನೆಯ ಸಾಲು. "ಆಡದೆ ಸಂಬಳ ತೆಗೆದುಕೊಳ್ಳಲು ನಾಚಿಕೆಯಾಗುತ್ತದೆ ಮಾವ. ರೆಡೊಂಡೊ ಮಾಡಿದಂತೆ ನಾನೂ ಬೇಡವೆಂದು ಬರೆದುಕೊಡಲೇ?"

ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ರೆಡೊಂಡೊನ ಕಥೆಯನ್ನು ನಿನಗೆ ಹೇಳಿದವನು ನಾನು. ಹಾಗಾಗಿ ಈ ಸಾಲಿನ ಅರ್ಧ ನಾನೇ ಬರೆದಂತೆ ಅನ್ನಿಸುತ್ತಿದೆ.

ನಿನಗೆ ಹತ್ತು ವರ್ಷವಿದ್ದಾಗ ನನ್ನ ಮೊಬೈಲಿನಲ್ಲಿ ಆ ಓಟವನ್ನು ತೋರಿಸಿದ್ದೆ. 2000ದ ಏಪ್ರಿಲ್, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್. ಎಡ ಅಂಚಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ, ನಾರ್ವೆಯ ಬೆರ್ಗ್ ಅಡ್ಡ ನಿಂತಿದ್ದ. ಫರ್ನಾಂಡೊ ರೆಡೊಂಡೊ ಹಿಮ್ಮಡಿಯಿಂದ ಚೆಂಡನ್ನು ಅವನ ಕಾಲುಗಳ ನಡುವೆ ದಾಟಿಸಿ, ತಾನು ಇನ್ನೊಂದು ಬದಿಯಿಂದ ಸುತ್ತಿಬಂದು, ಗೆರೆ ಮುಟ್ಟುವ ಮೊದಲೇ ಅದನ್ನು ಹಿಡಿದು ಜೊತೆಗಾರ ರೌಲ್‌ಗೆ ಕೊಟ್ಟ. ಅವನ ತಂಡ ರಿಯಲ್ ಮ್ಯಾಡ್ರಿಡ್ 3-2ರಿಂದ ಗೆದ್ದಿತು. ನೀನು ಅದನ್ನು ಎಷ್ಟು ಸಲ ಹಾಕಿಸಿಕೊಂಡೆ ಎಂದರೆ ಮೊಬೈಲಿನ ಬ್ಯಾಟರಿ ಖಾಲಿಯಾಯಿತು. ಅದಾದ ಮೇಲೆ ಉಳಿದ ಕಥೆ ಹೇಳಿದೆ. ಇಟಲಿಯ ಮಿಲಾನ್ ಕ್ಲಬ್‌ಗೆ ಹೋದದ್ದು, ಮೊಣಕಾಲು ಹಾಳಾದದ್ದು, ಆಡುವವರೆಗೆ ನನ್ನ ಸಂಬಳ ನಿಲ್ಲಿಸಿ ಎಂದು ತಾನೇ ಕೇಳಿಕೊಂಡದ್ದು, ಕ್ಲಬ್ ಕೊಟ್ಟ ಮನೆಯನ್ನೂ ಕಾರನ್ನೂ ಹಿಂದಿರುಗಿಸಲು ಹೊರಟದ್ದು. "ಆಟಗಾರ ಎಂದರೆ ಹೀಗಿರಬೇಕು" ಎಂದು ನಾನು ಹೇಳಿದ್ದು ನಿಜ. ಆ ಮಾತು ನಿನ್ನೊಳಗೆ ಇಷ್ಟು ವರ್ಷ ಕೂತಿತ್ತು ಎಂದು ನನಗೆ ತಿಳಿದಿರಲಿಲ್ಲ.

ಅವನು ಸಂಬಳ ಬೇಡವೆಂದಾಗ ಅವನ ಹಿಂದೆ ಏನಿತ್ತು ನೋಡು. ಹದಿನಾರನೆಯ ವಯಸ್ಸಿಗೇ ಅರ್ಜೆಂಟಿನೋಸ್ ಜೂನಿಯರ್ಸ್‌ನ ಮೊದಲ ತಂಡ, 1990ರಿಂದ ಸ್ಪೇನಿನ ಟೆನೆರಿಫೆ, 1994ರಿಂದ ಮ್ಯಾಡ್ರಿಡ್. 1998ರಲ್ಲಿ ಒಂದು, 2000ದಲ್ಲಿ ಇನ್ನೊಂದು, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಕಪ್. ಆ ವರ್ಷ ಯುರೋಪಿನ ಶ್ರೇಷ್ಠ ಕ್ಲಬ್ ಆಟಗಾರನೆಂಬ ಗೌರವವೂ ಅವನದೇ. ಅಷ್ಟಾಗಿಯೂ ಅದೇ ಬೇಸಿಗೆಯಲ್ಲಿ ಹೊಸ ಅಧ್ಯಕ್ಷರು ಬಂದರು, ಪೋರ್ಚುಗಲ್‌ನ ಆಟಗಾರ ಫಿಗೊ ಬಂದ, ಇವನನ್ನು ಮಾರಿಬಿಟ್ಟರು. ಆ ವಿಷಯಕ್ಕೆ ನನಗೆ ಇವತ್ತಿಗೂ ಸಂಕಟವಿದೆ. ಮಿಲಾನ್‌ಗೆ ಹೋಗುವ ಹೊತ್ತಿಗೆ ಅವನಿಗೆ ಮೂವತ್ತೊಂದು. ಹದಿನೈದು ವರ್ಷ ದುಡಿದವನ ಕೈ ಅದು, ಬೇಡ ಎನ್ನಬಲ್ಲದು. ನಿನಗೆ ಇಪ್ಪತ್ಮೂರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿಲ್ಲ, ಬಾಡಿಗೆ ಕೊಟ್ಟ ಮೇಲೆ ಉಳಿಯುವುದೆಷ್ಟು ಎಂದು ನನಗೆ ಗೊತ್ತು.

ಆದರೆ ನಿನಗೆ ಹಣದ ಲೆಕ್ಕದಿಂದ ಸಮಾಧಾನವಾಗದು. ನೀನು ಕೇಳುತ್ತಿರುವುದು ನಾಚಿಕೆಯ ಬಗ್ಗೆ.

ನಿನ್ನ ಅಮ್ಮನಿಗೂ ಪೂರ್ತಿ ಹೇಳದ ವಿಷಯ ಒಂದಿದೆ. 1987ರಲ್ಲಿ ನನ್ನ ಬಲ ಮೊಣಕಾಲು ತಿರುಚಿಕೊಂಡಾಗ ವೈದ್ಯರು ಆರು ತಿಂಗಳು ಎಂದಿದ್ದರು. ನಾನು ಆಟದಿಂದಲೇ ಕೆಲಸ ಸಿಕ್ಕವನು. ಕಚೇರಿಯಲ್ಲಿ ಕಾಲು ಚಾಚಿ ಕೂತು ಕಡತಕ್ಕೆ ದಾರ ಕಟ್ಟುತ್ತಿದ್ದೆ. ಒಂದು ಮಧ್ಯಾಹ್ನ ಮೇಲಧಿಕಾರಿಯೊಬ್ಬರು ಎಲ್ಲರ ಎದುರಿಗೆ, "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಮರೆಯುತ್ತಿದ್ದೆನೋ ಏನೋ. ಹತ್ತನೆಯ ವಾರಕ್ಕೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಅಶೋಕನಗರದ ಕ್ರೀಡಾಂಗಣಕ್ಕೆ ಇಳಿದೆ. ನಲವತ್ತು ನಿಮಿಷ ಆಡಿದೆ. ಮತ್ತೆಂದೂ ಲೀಗ್ ಆಡಲಿಲ್ಲ. ಆಗ ನನಗೆ ಇಪ್ಪತ್ತಾರು.

ವೈದ್ಯರು ಹೂಂ ಎನ್ನುವ ಮೊದಲೇ ನಾಚಿಕೆ ನನ್ನನ್ನು ಮೈದಾನಕ್ಕೆ ಎಳೆದುತಂದಿತ್ತು. ಹದಿಮೂರು ವರ್ಷಗಳ ಮೇಲೆ ರೆಡೊಂಡೊನ ಸುದ್ದಿ ಓದಿದಾಗ ಅದನ್ನು ನಾನು ಅಷ್ಟು ಎದೆಗವಚಿಕೊಂಡದ್ದು ಏಕೆ ಎಂದು ನಿನ್ನ ಪತ್ರ ಓದಿದ ಮೇಲೆ ಹೊಳೆಯಿತು. ನನ್ನನ್ನು ಕುಗ್ಗಿಸಿದ ನಾಚಿಕೆಗೆ ಅವನ ಕಥೆಯಲ್ಲಿ ಒಂದು ಘನತೆ ಸಿಕ್ಕಿತ್ತು. ಅದನ್ನೇ ನಿನಗೆ ದಾಟಿಸಿದೆ. ತಪ್ಪು ನನ್ನದು.

ಹೇಳದೆ ಬಿಟ್ಟ ಭಾಗ ಇದು. ಸಂಬಳ ಬೇಡವೆಂದ ಆ ಮನುಷ್ಯ ಬೇಗ ಆಡಲು ಇಳಿಯಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾದ. ಕೂತ. 2003ರ ಮಾರ್ಚ್‌ನಲ್ಲಿ ಮಿಲಾನ್ ಅಂಗಿ ತೊಟ್ಟು ಮ್ಯಾಡ್ರಿಡ್‌ನ ಮೈದಾನಕ್ಕೆ ಬಂದಾಗ, ಎದುರು ತಂಡದವನೆಂದು ನೋಡದೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮೇ ತಿಂಗಳಲ್ಲಿ ಮಿಲಾನ್ ಚಾಂಪಿಯನ್ಸ್ ಲೀಗ್ ಫೈನಲ್ ಗೆದ್ದದ್ದು ಅದೇ ಓಲ್ಡ್ ಟ್ರಾಫರ್ಡ್‌ನಲ್ಲಿ. ಅವನು ಆ ಫೈನಲ್ ಆಡಲಿಲ್ಲ. ಮಿಲಾನ್‌ನ ನಾಲ್ಕು ವರ್ಷಗಳಲ್ಲಿ ಇಟಲಿಯ ಲೀಗ್‌ನಲ್ಲಿ ಅವನಿಗೆ ದಕ್ಕಿದ್ದು ಹದಿನಾರೇ ಪಂದ್ಯ. 2004ರಲ್ಲಿ ನಿಲ್ಲಿಸಿದ. ಹದಿನಾರು ಎನ್ನುವುದನ್ನು ನಾನು ಯಾವಾಗಲೂ ಸೋಲು ಎಂಬಂತೆ ಹೇಳುತ್ತಿದ್ದೆ. ಈಗ ಹಾಗೆ ಕಾಣುತ್ತಿಲ್ಲ. ನನಗೆ ಒಂದೂ ಉಳಿದಿರಲಿಲ್ಲ.

ಊಟ ಕಡಿಮೆ ಮಾಡಿದ್ದೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ತಟ್ಟೆಯ ಮುಂದೆ ಕೂತಾಗಲೂ ಅದೇ ಯೋಚನೆಯೇ, ಮಗು? ನೀನು ಆ ಕಾಲನ್ನು ಮುರಿದುಕೊಂಡದ್ದು ಅವರ ಅಂಗಿ ತೊಟ್ಟು ಅವರ ಪಂದ್ಯದಲ್ಲಿ. ಈಗ ದಿನಕ್ಕೆರಡು ಹೊತ್ತು ಹಲ್ಲು ಕಚ್ಚಿ ಮೊಣಕಾಲು ಮಡಚುತ್ತೀಯಲ್ಲ, ಅದೂ ಕೆಲಸವೇ. ನಾನು ಹೇಳಿದೆನೆಂದು ಇದನ್ನು ನಂಬುವುದು ಕಷ್ಟ, ಗೊತ್ತು.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ, ಮೈದಾನಕ್ಕೆ ಇಳಿಯುವ ದಿನವನ್ನು ವೈದ್ಯರ ಕೈಯಲ್ಲಿ ಬರೆಸಿಕೋ, ಆ ಚೀಟಿ ಜೇಬಿನಲ್ಲಿರಲಿ. ಸಾಧ್ಯವಾದರೆ ಅಭ್ಯಾಸದ ಹೊತ್ತಿಗೆ ಹೋಗಿ ಗೆರೆಯಾಚೆ ಕೂತು ನಿನ್ನ ಜಾಗದಲ್ಲಿ ಆಡುವ ಹುಡುಗನನ್ನು ನೋಡು. ನನಗೆ ಅದು ಆಗಿರಲಿಲ್ಲ, ನಿನಗೂ ಆಗದಿದ್ದರೆ ಬಿಡು. ಯಾರಾದರೂ ಕುಡಿಕೆ ಹೊನ್ನಿನ ಮಾತಾಡಿದರೆ ನನಗೆ ತಿಳಿಸು.

ಆ ಅರ್ಜಿಯನ್ನು ಕೊಟ್ಟಿಲ್ಲ ತಾನೇ? ಬರೆದಿದ್ದರೆ ನಿನ್ನ ಬಳಿಯೇ ಇಟ್ಟುಕೋ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಸಂಜೆಯ ವ್ಯಾಯಾಮಕ್ಕೆ ಜೊತೆಯಲ್ಲಿ ಹೋಗೋಣ, ಎಣಿಸಲು ನಾನಿರುತ್ತೇನೆ.

ನಿನ್ನ
ಮಾವ